ಮೂರಿಂಚಿನ ಮಡಿಕೆ

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಕೈಗೆ ಸಿಕ್ಕಿದ್ದು ಒಂದು ನೀಲಿ ಪ್ಯಾಂಟು. ಏಳನೇ ಕ್ಲಾಸಿನ ಹುಡುಗನದ್ದು. ಅವನ ತಾಯಿ ನಿನ್ನೆ ಸಂಜೆ ಬಸ್ಸಿಗೆ ಓಡುವ ಅವಸರದಲ್ಲಿ ಅದನ್ನು ಮೇಜಿನ ಮೇಲೆ ಹಾಕಿ, "ಕಾಲು ಸ್ವಲ್ಪ ಇಳಿಸಿ ಕೊಡಿ ಆಯ್ತಾ, ರಜೆ ಮುಗಿಯುವಾಗ ಗಿಡ್ಡ ಆಗಿಯಾಗಿದೆ" ಎಂದು ಹೇಳಿ ಹೋಗಿದ್ದರು. ಬ್ಲೇಡಿನ ಮೂಲೆಯಿಂದ ಕಾಲಿನ ಹೊಲಿಗೆ ಬಿಚ್ಚಿ ಮಡಿಕೆ ಬಿಡಿಸಿದೆ. ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ, ಮಡಿಕೆಯ ಒಳಗೆ ಉಳಿದ ಬಟ್ಟೆಗೆ ಬಿಸಿಲು ತಾಗಿರುವುದಿಲ್ಲ, ಅದು ಬೆಂಚಿಗೆ ಉಜ್ಜಿರುವುದಿಲ್ಲ. ಪ್ಯಾಂಟೆಲ್ಲ ಮಾಸಿ ಬೂದಿಬಣ್ಣಕ್ಕೆ ತಿರುಗಿದ್ದರೂ ಆ ಎರಡು ಬೆರಳಿನ ಪಟ್ಟಿ ಮಾತ್ರ ಬಟ್ಟೆಯ ಥಾನಿನಿಂದ ಹರಿದ ದಿನದ ನೀಲಿಯಲ್ಲೇ ಇರುತ್ತದೆ. ಅಂಥ ಪಟ್ಟಿ ಕಂಡಾಗಲೆಲ್ಲ ನನಗೆ ಸಣ್ಣಗೆ ನಾಚಿಕೆಯಾಗುತ್ತದೆ. ಯಾಕೆ ಎಂದು ಹೇಳಲಿಕ್ಕೇ ಕೂತಿದ್ದೇನೆ.

ನಾನು ಕಡಬದಲ್ಲಿ ಟೈಲರ್. ಎತ್ತರ ಐದು ಅಡಿ ಎರಡು ಇಂಚು. ಆ ಎರಡನೇ ಇಂಚಿನಲ್ಲಿ ಅರ್ಧ ನನ್ನ ಔದಾರ್ಯ. ಬಟ್ಟೆ ಕತ್ತರಿಸುವ ಮೇಜು ನನ್ನ ಅಪ್ಪನ ಕಾಲದ್ದು. ಅವರೂ ನನ್ನಷ್ಟೇ ಇದ್ದವರು, ಆದರೆ ಮೇಜು ಮಾಡಿಸುವಾಗ ಯಾಕೋ ಅದನ್ನು ಮರೆತಿದ್ದರು. ಹಾಗಾಗಿ ಮೇಜಿನ ಹಿಂದೆ ಎರಡಿಂಚು ದಪ್ಪದ ಒಂದು ಹಲಸಿನ ಹಲಗೆ ಇಟ್ಟುಕೊಂಡಿದ್ದೇನೆ. ಅದರ ಮೇಲೆ ನಿಂತೇ ಕೆಲಸ. ಕೇಳಿದವರಿಗೆ ಬೆನ್ನುನೋವಿಗೆ ಎಂದು ಹೇಳುತ್ತೇನೆ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ನಾನು ಐದು ಅಡಿ ನಾಲ್ಕು ಇಂಚಿನ ಮನುಷ್ಯ. ಚಾ ಕುಡಿಯಲು ರಸ್ತೆಗೆ ಇಳಿದಾಗ ಕೆಲವರು ಎರಡು ಸಲ ನೋಡುವುದುಂಟು.

ನನ್ನ ಎರಡನೇ ಕಸುಬು ಚಿಂತೆ. ಅದಕ್ಕೆ ಭಾನುವಾರ ರಜೆ ಇಲ್ಲ. ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುವವ ನಾನು. ಒಮ್ಮೆ ಆರಿಸಿದ್ದನ್ನು ನೋಡಿ, ನೋಡುವಾಗ ಕೈ ತಾಗಿ ಮತ್ತೆ ಹತ್ತಿಕೊಂಡಿತೋ ಎಂದು ಎರಡನೇ ಸಲವೂ ಬಂದಿದ್ದೇನೆ. ಇಂಥವನಿಗೆ ಒಬ್ಬನೇ ಮಗ, ಆ ಮಗ ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಎಂದಾದರೆ ಏನಾಗಬೇಡ.

ಬೇರೆ ಅಪ್ಪಂದಿರಿಗೆ ಮಗ ಗಿಡ್ಡ ಎಂದಷ್ಟೇ ಗೊತ್ತಿರುತ್ತದೆ. ನನಗೆ ಯಾರಿಗಿಂತ ಎಷ್ಟು ಇಂಚು ಗಿಡ್ಡ ಎಂದು ಹೆಸರು ಹಿಡಿದು ಗೊತ್ತಿತ್ತು. ಪ್ರತಿ ಮೇ ತಿಂಗಳಲ್ಲಿ ಅವನ ಕ್ಲಾಸಿನ ಮಕ್ಕಳೆಲ್ಲ ಯೂನಿಫಾರ್ಮಿನ ಅಳತೆಗೆ ನನ್ನಲ್ಲಿಗೇ ಬರುತ್ತಿದ್ದರು. ಹೋದ ವರ್ಷ ಸೊಂಟದಿಂದ ಪಾದಕ್ಕೆ ಮೂವತ್ತೆರಡು ಇಂಚು ಇದ್ದವ ಈ ವರ್ಷ ಮೂವತ್ತೈದು, ಇನ್ನೊಬ್ಬ ಮೂವತ್ತೆಂಟು. ನಾನು ಟೇಪು ಹಿಡಿದು ಬಗ್ಗಿದಾಗಲೆಲ್ಲ ಊರಿನ ಮಕ್ಕಳೆಲ್ಲ ಸೇರಿ ನನಗೇ ಏನೋ ಹೇಳುತ್ತಿದ್ದಾರೆ ಅನಿಸುತ್ತಿತ್ತು. ಧನು, ಅಂದರೆ ನನ್ನ ಮಗ, ಅಲ್ಲೇ ಸ್ಟೂಲಿನಲ್ಲಿ ಕೂತು ಗುಂಡಿಯ ಡಬ್ಬಿ ಅಲ್ಲಾಡಿಸುತ್ತಿದ್ದ. ಅವನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ನಾನು ಸುಮ್ಮನಿರಲಿಲ್ಲ. ಮನೆಯಲ್ಲಿ ಅವನನ್ನು ಪುಟ್ಟ ಎಂದು ಕರೆಯುವುದನ್ನು ನಿಲ್ಲಿಸಿದೆ. ಕರೆದು ಕರೆದೇ ಹಾಗಾಗಿದೆ ಎಂದು ನನ್ನ ವಾದ. ಹಾಲಿಗೆ ಹಾಕುವ ಪುಡಿಯ ಡಬ್ಬಗಳು ಬಂದವು. ಹಿತ್ತಿಲಲ್ಲಿ ಎರಡು ಕಂಬಕ್ಕೆ ಅಡ್ಡ ಪೈಪು ಕಟ್ಟಿ ಬೆಳಿಗ್ಗೆ ಸಂಜೆ ನೇತಾಡಿಸಿದೆ. ಯಾರೂ ಇಲ್ಲದ ಹೊತ್ತು ನೋಡಿ ಮೂರು ದಿನ ನಾನೂ ನೇತಾಡಿದೆ. ನಾಲ್ಕನೇ ದಿನ ಭುಜ ಹಿಡಿದುಕೊಂಡು, ಒಂದು ವಾರ ಕತ್ತರಿ ಎತ್ತಲಾಗಲಿಲ್ಲ.

ಹೆಂಡತಿ ಕಮಲ ಮರ್ಕಂಜದವಳು. ಅವಳದು ನಿರಾತಂಕದ ಸ್ವಭಾವ, ಅದೂ ನನಗೆ ಒಂದು ಚಿಂತೆ. "ನಮ್ಮ ಅಣ್ಣ ಪಿಯುಸಿಗೆ ಹೋದ ಮೇಲೆ ಒಂದು ಗೇಣು ಎದ್ದದ್ದು ಮಾರಾಯ್ರೆ. ಇವನೂ ಏಳ್ತಾನೆ, ಬಿಡಿ" ಎನ್ನುತ್ತಿದ್ದಳು.

"ನಿನ್ನ ಅಣ್ಣನ ಕತೆ ಯಾರಿಗೆ ಬೇಕು?"

"ಬೇಡದಿದ್ರೆ ಬೇಡ. ಪೈಪು ಮಾತ್ರ ಅಲ್ಲಿಂದ ತೆಗೀರಿ. ಬಟ್ಟೆ ಒಣಗಿಸ್ಲಿಕ್ಕೆ ಬೇಕು."

ಹಾರ್ಮೋನಿನ ಇಂಜೆಕ್ಷನ್ ಎಂಬುದು ಉಂಟು ಎಂದು ನನಗೆ ತಿಳಿದದ್ದು ಮೊಬೈಲಿನಿಂದ. ಬಾಬಿನಿಗೆ ನೂಲು ಸುತ್ತಿಕೊಳ್ಳುವ ಹೊತ್ತಿನಲ್ಲಿ ಓದುತ್ತ ಓದುತ್ತ ನಾನು ಅರ್ಧ ವೈದ್ಯನಾದೆ. ಮೆದುಳಿನ ಕೆಳಗೆ ಬಟಾಣಿಯಷ್ಟು ಒಂದು ಗ್ರಂಥಿ ಇರುವುದು, ಅದರಿಂದ ಬೆಳವಣಿಗೆಯ ಹಾರ್ಮೋನು ಇಳಿಯುವುದು, ಕಡಿಮೆ ಇದ್ದ ಮಕ್ಕಳಿಗೆ ಅದನ್ನು ಹೊರಗಿನಿಂದ ಕೊಡುವುದು, ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಕೊಟ್ಟರೂ ಪ್ರಯೋಜನ ಇಲ್ಲದಿರುವುದು. ಈ ಕೊನೆಯ ಮಾತು ಓದಿದ ದಿನ ನನಗೆ ಊಟ ಸೇರಲಿಲ್ಲ. ಧನುವಿನ ಎಲುಬು ಆಗಲೇ ಕೂಡಿಕೊಳ್ಳುತ್ತಿರುವ ಸದ್ದು ಕೇಳಿದ ಹಾಗಾಯಿತು.

ಪುತ್ತೂರಿನ ಒಂದು ಕ್ಲಿನಿಕ್ಕಿಗೆ ತಿಂಗಳಲ್ಲಿ ಎರಡು ಶನಿವಾರ ಮಂಗಳೂರಿನಿಂದ ಮಕ್ಕಳ ಹಾರ್ಮೋನಿನ ಡಾಕ್ಟರು ಬರುತ್ತಿದ್ದರು. ಧನುವಿನ ಎಂಟನೇ ಕ್ಲಾಸು ಮುಗಿದ ರಜೆಯಲ್ಲಿ ಮೂವರೂ ಹೋದೆವು. ಕಾಯುವ ಕೋಣೆಯಲ್ಲಿ ಜಾಲ್ಸೂರಿನ ಒಬ್ಬರು ಪಕ್ಕದಲ್ಲಿ ಕೂತಿದ್ದರು. ಅವರ ಮಗನಿಗೆ ಆ ಗ್ರಂಥಿಯೇ ಸರಿ ಇರಲಿಲ್ಲವಂತೆ. ಹತ್ತು ವರ್ಷಕ್ಕೆ ಒಂದನೇ ಕ್ಲಾಸಿನವನ ಹಾಗೆ ಕಾಣುತ್ತಿದ್ದನಂತೆ. "ಮೂರು ವರ್ಷ ಆಯ್ತು ಚುಚ್ಚಲಿಕ್ಕೆ ಸುರು ಮಾಡಿ. ಈಗ ನೋಡಿ" ಎಂದು ತೋರಿಸಿದರು. ಹುಡುಗ ಎದ್ದು ನಿಂತ. ನಾನು ಕಣ್ಣಳತೆಯಲ್ಲೇ ಮೂವತ್ತಾರು ಎಂದುಕೊಂಡೆ. ಆ ಹುಡುಗನಿಗೆ ಅದು ನಿಜವಾಗಿ ಬೇಕಾದ ಮದ್ದು. ನನಗೆ ಕಂಡದ್ದು ಮೂವತ್ತಾರು ಮಾತ್ರ.

ಒಳಗೆ ಹೋದರೆ ಡಾಕ್ಟರು ಐದು ಅಡಿಯೂ ಇರಲಿಲ್ಲ. ನನಗೆ ಅಲ್ಲೇ ಒಂದು ಸಂಶಯ ಬಂತು. ಮದ್ದು ಕೈಯಲ್ಲೇ ಇದ್ದು ಅವರೇ ಹೀಗೆ ಎಂದರೆ? ಆದರೆ ಅವರು ಧನುವನ್ನು ಗೋಡೆಯ ಅಳತೆಪಟ್ಟಿಗೆ ನಿಲ್ಲಿಸಿ, ಹಿಮ್ಮಡಿ ತಾಗಿಸಿ, ಗಲ್ಲ ನೇರ ಮಾಡಿ, ಮೂರು ಸಲ ಅಳೆದು ಬರೆದುಕೊಂಡದ್ದನ್ನು ನೋಡಿ ಸಂಶಯ ಹೋಯಿತು. ಅಳೆಯುವವರನ್ನು ಕಂಡರೆ ನನಗೆ ಗೊತ್ತಾಗುತ್ತದೆ. ಎಡಗೈಯ ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು, "ವಯಸ್ಸು ಹದಿಮೂರೂವರೆ, ಎಲುಬಿನ ವಯಸ್ಸು ಹನ್ನೊಂದೂವರೆ. ಇದು ಒಳ್ಳೇದೇ. ನಿಮ್ಮ ಭಾಷೆಯಲ್ಲಿ ಹೇಳುದಾದ್ರೆ ಒಳಗೆ ಮಡಿಕೆ ಇನ್ನೂ ಉಂಟು" ಎಂದರು. ಅಷ್ಟರಲ್ಲಿ ನಾನು ಟೈಲರ್ ಎಂದು ಎರಡು ಸಲ ಹೇಳಿಯಾಗಿತ್ತು.

"ಮನೆಯಲ್ಲಿ ಯಾರಾದ್ರೂ ತಡವಾಗಿ ಉದ್ದ ಆದವರು ಇದ್ದಾರಾ?" ಎಂದು ಕೇಳಿದರು.

"ಯಾರೂ ಇಲ್ಲ ಮೇಡಂ" ಎಂದೆ. ಕಮಲ ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿದಳು.

"ಹಿಂದಿನ ವರ್ಷಗಳ ಅಳತೆ ಉಂಟಾ? ಈಗ ಎಷ್ಟಿದ್ದಾನೆ ಎನ್ನುದಕ್ಕಿಂತ ವರ್ಷಕ್ಕೆ ಎಷ್ಟು ಬೆಳೆದಿದ್ದಾನೆ ಎನ್ನುದು ನನಗೆ ಮುಖ್ಯ. ಹೆಚ್ಚಿನವರಲ್ಲಿ ಇರುದಿಲ್ಲ."

ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಅಳತೆ ಬದಲಿಸಬೇಕಿತ್ತು. "ನನ್ನಲ್ಲಿ ಉಂಟು ಮೇಡಂ. ಪುಸ್ತಕವೇ ಉಂಟು" ಎಂದೆ.

ಮುಂದಿನ ಸಲ ಅಂಗಡಿಯ ಅಳತೆಪುಸ್ತಕಗಳನ್ನು ಕಟ್ಟು ಕಟ್ಟಿ ತೆಗೆದುಕೊಂಡು ಹೋದೆ. ವರ್ಷಕ್ಕೊಂದರಂತೆ ಎಲ್ಲದರಲ್ಲೂ ಧನುವಿನ ಹೆಸರಿನ ಪುಟಕ್ಕೆ ಬಟ್ಟೆಯ ತುಂಡು ಗುರುತು ಇಟ್ಟಿದ್ದೆ. ಡಾಕ್ಟರು ಪುಟ ತಿರುಗಿಸಿ ತಿರುಗಿಸಿ ನೋಡಿದರು. "ಕಾಲಿನ ಉದ್ದ ಆದರೂ ಅಡ್ಡಿ ಇಲ್ಲ, ಬೆಳೆಯುವ ಗತಿ ಸಿಗ್ತದೆ" ಎಂದು ಒಂದು ಹಾಳೆಯಲ್ಲಿ ಚುಕ್ಕಿ ಇಡುತ್ತ ಹೋದರು. ಆರನೇ ಕ್ಲಾಸಿಗೆ ಮೂವತ್ತನಾಲ್ಕು. ಏಳನೆಯದಕ್ಕೆ ಮೂವತ್ತನಾಲ್ಕೂವರೆ. ಎಂಟನೆಯದಕ್ಕೆ ಮೂವತ್ತನಾಲ್ಕು. ಚುಕ್ಕಿಗಳನ್ನು ಕೂಡಿಸಿದ ಗೆರೆ ಮೇಲೆ ಹೋದದ್ದು ಅಲ್ಲಿ ಬಂದು ಮಲಗಿತು.

"ಇದು ನನಗೆ ಅಷ್ಟು ಸರಿ ಕಾಣುದಿಲ್ಲ" ಎಂದರು ಅವರು. "ಅರ್ಧ ಇಂಚು ಹೆಚ್ಚುಕಡಿಮೆ ಬಿಡಿ. ಆದ್ರೆ ಎರಡು ವರ್ಷ ನಿಂತ ಹಾಗೆ ಉಂಟಲ್ಲ. ಹಾರ್ಮೋನಿನ ಪರೀಕ್ಷೆ ಮಾಡುವ."

ಪರೀಕ್ಷೆ ಮಂಗಳೂರಿನಲ್ಲಿ. ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಮಲಗಿಸಿ, ಒಂದು ಮಾತ್ರೆ ಕೊಟ್ಟು, ಅರ್ಧರ್ಧ ಗಂಟೆಗೆ ರಕ್ತ ತೆಗೆಯುವುದು. ಮಾತ್ರೆಗೆ ಅವನಿಗೆ ಜೋಂಪು ಹತ್ತಿತು. ಪ್ರತಿ ಸಲ ನರ್ಸು ಬಂದಾಗ ಕಣ್ಣು ಬಿಟ್ಟು, ಅಮ್ಮನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಮುಚ್ಚುತ್ತಿದ್ದ. ಒಮ್ಮೆ ಮಾತ್ರ, "ಇನ್ನು ಎಷ್ಟು ಸಲ ಉಂಟಪ್ಪ?" ಎಂದ. ನಾನು ಎರಡು ಎಂದೆ. ಮೂರು ಇತ್ತು.

ವರದಿ ಬಂದದ್ದು ಸರಿಯಾಗಿ ಗಡಿಯಲ್ಲಿ. ಹಾರ್ಮೋನು ಕಡಿಮೆ ಇದೆ ಎಂದೂ ಹೇಳುವ ಹಾಗಿಲ್ಲ, ಇಲ್ಲ ಎಂದೂ ಹೇಳುವ ಹಾಗಿಲ್ಲ. ಡಾಕ್ಟರು ಅದನ್ನು ಮುಚ್ಚಿಡದೆ ಹೇಳಿದರು. "ಇದೊಂದೇ ಆಗಿದ್ರೆ ನಾನು ಆರು ತಿಂಗಳು ಕಾದು ಮತ್ತೆ ಅಳೀತಿದ್ದೆ. ಆದ್ರೆ ನಿಮ್ಮ ಪುಸ್ತಕದಲ್ಲಿ ಬೆಳವಣಿಗೆ ನಿಂತಿದೆ. ಹಾಗಾದ್ರೆ ಸುರು ಮಾಡಬಹುದು. ದಿನಾ ಮಲಗುವ ಮೊದಲು ತೊಡೆಗೋ ಹೊಟ್ಟೆಗೋ ಒಂದು ಇಂಜೆಕ್ಷನ್. ಮೂರು ನಾಲ್ಕು ವರ್ಷ. ನಡುನಡುವೆ ರಕ್ತಪರೀಕ್ಷೆ. ಹಾರ್ಮೋನು ನಿಜವಾಗಿ ಕಡಿಮೆ ಇದ್ದವರಿಗೆ ಚೆನ್ನಾಗಿ ಕೆಲಸ ಮಾಡ್ತದೆ. ಸುಮ್ಮನೆ ಗಿಡ್ಡ ಇರುವವರಿಗೆ ಒಂದೆರಡು ಇಂಚು ಸಿಕ್ಕಿದ್ರೆ ಸಿಕ್ಕಿತು. ಆರಡಿ ಮಾಡುವ ಮದ್ದಲ್ಲ ಇದು. ಮನೆಗೆ ಹೋಗಿ ಮೂವರೂ ಯೋಚನೆ ಮಾಡಿ, ಮುಂದಿನ ಸಲ ಹೇಳಿ."

ಮೂವರು ಯೋಚನೆ ಮಾಡಲಿಲ್ಲ, ನಾನೊಬ್ಬನೇ ಮಾಡಿದೆ. ಮನೆಗೆ ಬಂದು ಫ್ರಿಜ್ಜಿನ ಬಾಗಿಲಿನ ಮೇಲಿನ ಅರೆಯಿಂದ ಬೆಣ್ಣೆ, ಉಪ್ಪಿನಕಾಯಿ ಎಲ್ಲ ತೆಗೆದು ಒರೆಸಿ ಖಾಲಿ ಮಾಡಿದೆ. ಕರೆಂಟು ಹೋದರೆ ಮದ್ದು ಕೆಡಬಾರದೆಂದು ಒಂದು ಐಸ್ ಪೆಟ್ಟಿಗೆ ತಂದೆ. ಮೆಡಿಕಲಿನಿಂದ ಖಾಲಿ ಸಿರಿಂಜು ತಂದು, ಅಂಗಡಿಯಲ್ಲಿ ಗುಂಡುಸೂಜಿ ಚುಚ್ಚಿಡುವ ದಿಂಬಿಗೆ ನೀರು ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದೆ. ಸೂಜಿ ನನ್ನ ಕಸುಬೇ ತಾನೆ. ದಿಂಬು ಒದ್ದೆಯಾಗಿ, ಗುಂಡುಸೂಜಿಗಳೆಲ್ಲ ತುಕ್ಕು ಹಿಡಿದವು.

ಹೀಗಿರುವಾಗ ಒಂದು ಭಾನುವಾರ ಕಮಲ ಧನುವಿನ ಹಳೆಯ ಪ್ಯಾಂಟುಗಳ ಗಂಟು ತಂದು ಅಂಗಡಿಯ ಮೇಜಿನ ಮೇಲೆ ಹಾಕಿದಳು. "ಅಣ್ಣನ ಚಿಕ್ಕ ಮಗನಿಗೆ ಆಗ್ತದಂತೆ. ಕಾಲು ಸ್ವಲ್ಪ ಇಳಿಸಿ ಕೊಡಿ. ಅವ ಇವನಿಗಿಂತ ಉದ್ದ ಇದ್ದಾನೆ." ಕೊನೆಯ ವಾಕ್ಯ ಬೇಕಿರಲಿಲ್ಲ.

ಮೊದಲು ಸಿಕ್ಕಿದ್ದು ಆರನೇ ಕ್ಲಾಸಿನದ್ದು. ಹೊಲಿಗೆ ಬಿಚ್ಚಿ ಮಡಿಕೆ ಬಿಡಿಸಿದೆ. ಮಾಸಿದ ಪ್ಯಾಂಟಿನ ತುದಿಗೆ ಮೂರಿಂಚಿನ ಹೊಚ್ಚ ಹೊಸ ನೀಲಿ ಪಟ್ಟಿ ಬಿಚ್ಚಿಕೊಂಡಿತು. ಬ್ಲೇಡು ಕೆಳಗಿಟ್ಟು ಅಳತೆಪುಸ್ತಕ ತೆರೆದೆ.

ಇಲ್ಲಿ ನಮ್ಮ ಕಸುಬಿನ ಒಂದು ಕ್ರಮ ಹೇಳಬೇಕು. ಬೆಳೆಯುವ ಮಕ್ಕಳ ಪ್ಯಾಂಟಿಗೆ ಕಾಲಿನ ತುದಿಯಲ್ಲಿ ಹೆಚ್ಚು ಬಟ್ಟೆ ಒಳಗೆ ಮಡಿಚಿ ಹೊಲಿಯುತ್ತೇವೆ, ಮುಂದೆ ಇಳಿಸಿಕೊಳ್ಳಲಿ ಎಂದು. ಅಪ್ಪ ನನಗೆ ಕಲಿಸಿದ ಪ್ರಕಾರ ಪುಸ್ತಕದಲ್ಲಿ ಎರಡು ಅಳತೆ ಬರೆಯಬೇಕು: ಮೊದಲು ಮೈಯ ಅಳತೆ, ಪಕ್ಕದಲ್ಲಿ ಸುತ್ತು ಹಾಕಿ ಮಡಿಕೆಗೆ ಬಿಟ್ಟದ್ದು. ಊರಿನ ಎಲ್ಲ ಮಕ್ಕಳಿಗೂ ನಾನು ಹಾಗೇ ಬರೆದಿದ್ದೇನೆ. ನಮ್ಮವನೇ ಅಲ್ಲವೇ, ನನಗೆ ಗೊತ್ತಿಲ್ಲವೇ ಎಂದು ಧನುವಿಗೆ ಮಾತ್ರ ಎರಡನ್ನೂ ಕೂಡಿಸಿ ಒಂದೇ ಬರೆಯುತ್ತಿದ್ದೆ. ಅವನ ಎತ್ತರದ ಚಿಂತೆ ಹೆಚ್ಚಾದಷ್ಟೂ ಮಡಿಕೆ ದೊಡ್ಡದಾಗಿತ್ತು. ಆರನೆಯದಕ್ಕೆ ಮೂರಿಂಚು. ಕಾಲಿನ ತುದಿ ದಪ್ಪವಾಗಿ ಗಂಟೆಯ ಹಾಗೆ ನಿಲ್ಲುತ್ತಿತ್ತು. ಮದುವೆಯಲ್ಲಿ ಬ್ಯಾಂಡು ಬಾರಿಸುವವರ ಪ್ಯಾಂಟಿನ ಹಾಗೆ ಉಂಟೆಂದು ಕ್ಲಾಸಿನ ಮಕ್ಕಳು ಅವನನ್ನು ಬ್ಯಾಂಡ್‌ಸೆಟ್ ಎಂದು ಕರೆಯುತ್ತಿದ್ದರಂತೆ. ಏಳನೆಯದಕ್ಕೆ ಜಗಳ ಮಾಡಿ ಎರಡಕ್ಕೆ ಇಳಿಸಿದ. ಎಂಟನೆಯದಕ್ಕೆ, "ಸರಿಯಾದ ಅಳತೆಗೆ ಹೊಲೀರಿ ಅಪ್ಪ. ಬೆಳೆದ ಮೇಲೆ ಬೇರೆ ಹೊಲಿಯುವ" ಎಂದು ಹಟ ಹಿಡಿದ. ಮಡಿಕೆಗೆ ಹೆಚ್ಚಿನ ಬಟ್ಟೆ ಏನೂ ಬಿಡಲಿಲ್ಲ.

ಹಾಗಾದರೆ ಮಡಿಕೆ ಕಳೆದು ಲೆಕ್ಕ ಹಾಕಿ. ಮೂವತ್ತೊಂದು, ಮೂವತ್ತೆರಡೂವರೆ, ಮೂವತ್ತನಾಲ್ಕು. ಹುಡುಗ ವರ್ಷಕ್ಕೆ ಒಂದೂವರೆ ಇಂಚಿನ ಹಾಗೆ ಸದ್ದಿಲ್ಲದೆ ಬೆಳೆಯುತ್ತಲೇ ಇದ್ದ. ಕಡಿಮೆಯಾಗುತ್ತ ಬಂದದ್ದು ನನ್ನ ಮಡಿಕೆ.

ಧನು ಸ್ಟೂಲಿನಲ್ಲಿ ಕೂತು ನೋಡುತ್ತಿದ್ದ. "ಗೊತ್ತಾಯ್ತಾ?" ಎಂದು ಮೆಲ್ಲಗೆ ಕೇಳಿದ.

"ನಿನಗೆ ಮೊದಲೇ ಗೊತ್ತಿತ್ತಾ?"

"ಡಾಕ್ಟ್ರು ಚುಕ್ಕಿ ಇಡುವಾಗಲೇ ಗೊತ್ತಾಯ್ತು. ಪುಸ್ತಕದಲ್ಲಿ ಇರುದು ಪ್ಯಾಂಟಿನ ಅಳತೆ. ನನ್ನದಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ಅಷ್ಟು ಸಲ ಕೈಗೆ ಚುಚ್ಚಿಸಿಕೊಂಡೆಯಲ್ಲ."

ಅವನು ಗುಂಡಿಯ ಡಬ್ಬಿ ಒಮ್ಮೆ ಅಲ್ಲಾಡಿಸಿದ. "ಡಾಕ್ಟ್ರು ನಿಮ್ಮ ಪುಸ್ತಕ ನೋಡಿದ್ದಕ್ಕೆ ನಿಮಗೆ ಅಷ್ಟು ಖುಷಿ ಆಗಿತ್ತಲ್ಲ."

ಮುಂದಿನ ಶನಿವಾರಕ್ಕೆ ಆರು ದಿನ ಇತ್ತು. ಆ ಆರು ದಿನ ನಾನು ಏನು ಯೋಚಿಸಿದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಹೇಳದೇ ಇದ್ದರೆ? ಎಂದು ಯೋಚಿಸಿದೆ. ಗೊತ್ತಿರುವುದು ನಮಗೆ ಮಾತ್ರ. ಇಂಜೆಕ್ಷನ್ ಸಿಗುತ್ತದೆ, ಒಂದೆರಡು ಇಂಚು ಸಿಕ್ಕರೂ ಸಿಕ್ಕಿತು. ಒಂದೆರಡು ಇಂಚಿನ ಬೆಲೆ ಹಲಗೆಯ ಮೇಲೆ ನಿಂತವನಿಗೆ ಗೊತ್ತು. ಹೇಳಿದರೆ ಕಾಯಿರಿ ಎನ್ನುತ್ತಾರೆ. ಕಾಯುವಾಗ ಎಲುಬು ಕೂಡಿಕೊಂಡರೆ? ತಪ್ಪು ಅಳತೆಯಿಂದ ಮಗನಿಗೆ ಒಳ್ಳೆಯದೇ ಆಗುವುದಾದರೆ ಆಗಲಿ ಎಂದು ನನ್ನನ್ನು ನಾನೇ ಒಪ್ಪಿಸುತ್ತ ಬಂದೆ. ಗುರುವಾರದ ಹೊತ್ತಿಗೆ ಬಹುಪಾಲು ಒಪ್ಪಿಯೂ ಆಗಿತ್ತು.

ಶುಕ್ರವಾರ ಊಟಕ್ಕೆ ಕೂತಾಗ ಕಮಲ ಸಾರು ಬಡಿಸುತ್ತ, "ಊರಿನ ಮಕ್ಕಳಿಗೆಲ್ಲ ಎರಡೆರಡು ಅಳತೆ ಬರೀತೀರಿ. ಸ್ವಂತ ಮಗನಿಗೆ ಒಂದಾದ್ರೂ ಸರಿ ಬರೀಬಹುದಿತ್ತು" ಎಂದಳು. ಧನು ಹೇಳಿಬಿಟ್ಟಿದ್ದ.

"ಅವನಿಗೆ ಉದ್ದ ಆಗುದು ಬೇಡವಾ ಹಾಗಾದ್ರೆ?" ಎಂದೆ.

ಅನ್ನ ಕಲಸುತ್ತಿದ್ದ ಧನು ತಲೆ ಎತ್ತದೆ ಹೇಳಿದ: "ಬೇಕು. ಯಾರಿಗೆ ಬೇಡ? ನನ್ನ ಅಳತೆ ನೋಡಿ ಡಾಕ್ಟ್ರು ಚುಚ್ಚಿ ಅಂದ್ರೆ ನಾಲ್ಕು ವರ್ಷವೂ ಚುಚ್ಚಿಸಿಕೊಳ್ತೇನೆ. ಪ್ಯಾಂಟು ನೋಡಿ ಹೇಳಿದ್ರೆ ಬೇಡ."

ಶನಿವಾರ ಪುತ್ತೂರಿಗೆ ಹೋದದ್ದು ಪುಸ್ತಕ ಹಿಡಿದುಕೊಂಡಲ್ಲ, ಪ್ಯಾಂಟಿನ ಗಂಟು ಹಿಡಿದುಕೊಂಡು. ಡಾಕ್ಟರ ಎದುರು ಮಾತು ಹಿಂದುಮುಂದಾಗಿ, ಕೊನೆಗೆ ರೋಗಿಯನ್ನು ಮಲಗಿಸುವ ಮಂಚದ ಮೇಲೆ ಪ್ಯಾಂಟುಗಳನ್ನು ಸಾಲಾಗಿ ಹಾಸಿದೆ. ಮಡಿಕೆ ಬಿಚ್ಚಿದರೂ ಅದು ಕೂತಿದ್ದ ಜಾಗದಲ್ಲಿ ಗೆರೆ ಹೋಗುವುದಿಲ್ಲ. ಹುಡುಗನ ಕಾಲು ಆ ವರ್ಷ ಎಲ್ಲಿಗೆ ಮುಗಿದಿತ್ತೋ ಅಲ್ಲೇ ಸವೆದ ಗುರುತು ಇರುತ್ತದೆ. ಡಾಕ್ಟರು ನನ್ನ ಟೇಪು ಕೇಳಿ ಪಡೆದು, ಸೊಂಟದಿಂದ ಆ ಗೆರೆಯವರೆಗೆ ಒಂದೊಂದನ್ನೂ ತಾವೇ ಅಳೆದರು. ಹೊಸ ಹಾಳೆಯಲ್ಲಿ ಚುಕ್ಕಿ ಇಟ್ಟರು. ಗೆರೆ ಈ ಸಲ ಎಲ್ಲೂ ಮಲಗಲಿಲ್ಲ. ಕೆಳಗಿನಿಂದಲೇ, ಆದರೆ ನೆಟ್ಟಗೆ ಏರಿಕೊಂಡು ಹೋಯಿತು.

"ನಿಂತದ್ದಲ್ಲ ಇವ. ನಿಧಾನ ನಡೀತಾ ಇದ್ದಾನೆ, ಅಷ್ಟೆ" ಎಂದರು. ಮತ್ತೆ ಪ್ಯಾಂಟುಗಳನ್ನು ನೋಡಿ ನಗು ತಡೆಯಲಾಗದೆ, "ರಕ್ತ, ಎಲುಬು ಎಲ್ಲ ಪರೀಕ್ಷೆ ಮಾಡಿದ್ದೇನೆ. ಪ್ಯಾಂಟು ಇದೇ ಮೊದಲು" ಎಂದರು. ನಗು ಮುಗಿದ ಮೇಲೆ ಮೊದಲಿನ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿದರು, ಈ ಸಲ ಕಮಲಳ ಕಡೆ ತಿರುಗಿ. ಅವಳು ಅಣ್ಣನ ಕತೆಯನ್ನು ಗೇಣು ಸಮೇತ ಹೇಳಿದಳು. ಆರು ತಿಂಗಳು ಕಾಯುವುದು, ಅವರ ಗೋಡೆಯಲ್ಲೇ ಅಳೆಯುವುದು, ಬೆಳವಣಿಗೆ ನಿಜವಾಗಿ ನಿಂತರೆ ಆಗ ಮದ್ದಿನ ಮಾತು ಎಂದಾಯಿತು.

ಆರಾರು ತಿಂಗಳಿಗೊಮ್ಮೆ ಹೋಗಿ ಅಳೆಸಿದೆವು. ಹತ್ತನೇ ಕ್ಲಾಸಿನ ನಡುವೆ ಅವನ ಧ್ವನಿ ಒಡೆಯಿತು. ಆ ವರ್ಷ ಒಂದೇ ಪ್ಯಾಂಟನ್ನು ಎರಡು ಸಲ ಇಳಿಸಬೇಕಾಯಿತು. ಐದು ಅಡಿ ನಾಲ್ಕು ಇಂಚಿಗೆ ಬಂದು ನಿಂತ. ಮದ್ದು ಕೊಟ್ಟಿದ್ದರೆ ಐದೂವರೆ ಆಗುತ್ತಿದ್ದನೋ ಎಂದು ಈಗಲೂ ಬಾಬಿನಿಗೆ ನೂಲು ಸುತ್ತುವಾಗ ಒಮ್ಮೊಮ್ಮೆ ಯೋಚನೆ ಬರುತ್ತದೆ. ಆಗುತ್ತಿದ್ದನೋ ಏನೋ. ಡಾಕ್ಟರಿಗೂ ಗೊತ್ತಿಲ್ಲ. ಈಗ ಅವನಿಗೆ ಇಪ್ಪತ್ತೊಂದು, ಸುಳ್ಯದಲ್ಲಿ ಲೈನ್‌ಮ್ಯಾನ್. ದಿನಕ್ಕೆ ಎಂಟು ಹತ್ತು ಕಂಬ ಹತ್ತುತ್ತಾನೆ. ಎತ್ತರದ ವಿಷಯದಲ್ಲಿ ನನ್ನ ಚಿಂತೆ ಈಗ ಬೇರೆ ತರದ್ದು.

ಇಷ್ಟು ಬರೆಯುವಾಗ ಅವನೇ ಬಂದ. ಕೆಲಸಕ್ಕೆ ಹೋಗುವ ಮೊದಲು ಖಾಕಿ ಬಟ್ಟೆಯ ತುಂಡು ಕೊಟ್ಟು ಹೋಗಲು. "ಅಳತೆ ತೆಗೀರಿ ಅಪ್ಪ. ಹಳೇ ಪುಸ್ತಕ ನೋಡಿ ಹೊಲಿಯುದು ಬೇಡ" ಎಂದು ಮೇಜಿನ ಹಿಂದೆ ಬಂದು ನಿಂತ. ನಾನು ಎದ್ದು, ಎಂದಿನಂತೆ ಹಲಗೆ ಹತ್ತಿ, ಅಲ್ಲಿಂದಲೇ ಅವನ ಸೊಂಟಕ್ಕೆ ಟೇಪು ಹಿಡಿದೆ.

"ಅದರಿಂದ ಇಳೀರಿ. ಟೇಪು ಓರೆ ಆಗ್ತದೆ."

ಇಳಿದು ಹಲಗೆಯನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿದೆ. ನನ್ನ ಕಣ್ಣಿನ ನೇರಕ್ಕೆ ಅವನ ಮೂಗಿನ ತುದಿ ಬಂತು. ಬಗ್ಗಿ ಪಾದದವರೆಗೆ ಅಳೆದು ಪುಸ್ತಕದಲ್ಲಿ ಮೂವತ್ತೊಂಬತ್ತು ಎಂದು ಬರೆದೆ. ಅವನು ಇಣುಕಿ ನೋಡಿದ.

"ಇದು ನನ್ನದಾ, ಪ್ಯಾಂಟಿನದ್ದಾ?"

"ನಿನ್ನದು."

"ಮಡಿಕೆ?"

"ಒಂದಿಂಚು. ಅಷ್ಟೂ ಇಲ್ಲದಿದ್ರೆ ಹೊಲಿಗೆ ನಿಲ್ಲುದಿಲ್ಲ ಮಾರಾಯ" ಎಂದು ಪಕ್ಕದಲ್ಲಿ ಒಂದು ಬರೆದು ಸುತ್ತು ಹಾಕಿದೆ. ಅವನು ಸರಿ ಎಂದು ಬೈಕು ಹತ್ತಿ ಹೋದ.

ನಾನು ನೀಲಿ ಪ್ಯಾಂಟಿಗೆ ಮರಳಿದೆ. ಹೊಸ ಪಟ್ಟಿಯನ್ನು ಚಪ್ಪಟೆ ಮಾಡಿ, ತುದಿಗೆ ಸಣ್ಣ ಮಡಿಕೆ ಹಾಕಿ ಹೊಲಿದು, ಮೇಜಿನ ಮೇಲಿಟ್ಟು ಇಸ್ತ್ರಿ ಹಾಕಿದೆ. ಎಲ್ಲ ಮುಗಿದ ಮೇಲೆ ನೋಡುತ್ತೇನೆ, ಹಲಗೆ ಅತ್ತ ಗೋಡೆಯ ಬದಿಯಲ್ಲಿತ್ತು. ಅಷ್ಟು ಹೊತ್ತೂ ನೆಲದ ಮೇಲೇ ನಿಂತಿದ್ದೆ. ಬೆನ್ನು ನೋಯಲಿಲ್ಲ.